ಗಷ್ಮುವೂ ಹಾಗೇ ಹೇಳುತ್ತಾನಂತೆ

ಸಮಾರ್ಯದ ಸನ್ಬಲ್ಲಟ, ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯನಿಗೆ ಒಂದು ಪತ್ರ ಕಳಿಸುತ್ತಾನೆ. ನೀನೂ ಯೆಹೂದ್ಯರೂ ಸೇರಿ ದಂಗೆ ಏಳಬೇಕೆಂದಿದ್ದೀರಂತೆ, ಅದಕ್ಕೇ ಈ ಗೋಡೆ ಕಟ್ಟುತ್ತಿದ್ದೀರಂತೆ, ನೀನೇ ಅವರಿಗೆ ರಾಜನಾಗುತ್ತೀಯಂತೆ, ಸುತ್ತಲಿನ ಜನರೆಲ್ಲ ಹೀಗೆ ಮಾತಾಡುತ್ತಿದ್ದಾರೆ ಅಂತ ಅದರಲ್ಲಿದೆ. ಅಷ್ಟಕ್ಕೇ ಬಿಡದೆ ಸನ್ಬಲ್ಲಟ ಒಂದು ಹೆಸರನ್ನೂ ಸೇರಿಸುತ್ತಾನೆ. ಗಷ್ಮುವೂ ಇದನ್ನೇ ಹೇಳುತ್ತಾನೆ, ಅಂತ.

ಯಾರು ಈ ಗಷ್ಮು? ಬೈಬಲಿನ ಹಳೆಯ ಒಡಂಬಡಿಕೆಯ ನೆಹೆಮೀಯನ ಪುಸ್ತಕದಲ್ಲಿ ಇವನ ಹೆಸರು ಬರುವುದು ನಾಲ್ಕೇ ವಚನಗಳಲ್ಲಿ. ಎರಡನೆಯ ಅಧ್ಯಾಯದಲ್ಲಿ ಒಮ್ಮೆ, ಆರನೆಯ ಅಧ್ಯಾಯದಲ್ಲಿ ಮೂರು ಸಲ. ಮೊದಲ ಮೂರು ಕಡೆ ಗೆಷೆಮ್ ಎಂದಿದೆ. ಪತ್ರದಲ್ಲಿ ಮಾತ್ರ ಗಷ್ಮು. ಆಗಿನ ಅರಬ್ಬರ ಹೆಸರುಗಳು ಹೀಗೆ 'ಉ'ಕಾರದಲ್ಲಿ ಮುಗಿಯುವುದು ಸಾಮಾನ್ಯ. ಅವನ ಜನ ಅವನನ್ನು ಕರೆಯುತ್ತಿದ್ದದ್ದೂ ಹಾಗೇ ಇರಬೇಕು. ಅವನ ಬಗ್ಗೆ ಪುಸ್ತಕ ಕೊಡುವ ಪರಿಚಯ ಒಂದೇ ಪದ: ಅರಬಿಯನು. ತಂದೆ ಯಾರು, ಊರು ಯಾವುದು, ಕೆಲಸ ಏನು, ಒಂದೂ ಇಲ್ಲ.

ಯೆಹೂದ್ಯರ ವೈರಿಗಳು ಅಂದರೆ ನೆನಪಿಗೆ ಬರುವುದು ಫರೋಹ, ಗೊಲ್ಯಾತ, ಹಾಮಾನ. ಗೋಡೆಯ ಕಥೆ ಚೆನ್ನಾಗಿ ಗೊತ್ತಿರುವವರು ಸನ್ಬಲ್ಲಟ, ಟೋಬೀಯ ಅನ್ನುವ ಎರಡು ಹೆಸರು ಹೇಳಿಯಾರು. ಮೂರನೆಯವನು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಪುಸ್ತಕದ ಆಚೆ ಸಿಕ್ಕಿರುವ ಸಾಕ್ಷ್ಯಗಳನ್ನೂ ಜೊತೆಗಿಟ್ಟುಕೊಂಡು ನೋಡಿದರೆ, ಆ ಮೂವರಲ್ಲಿ ಎಲ್ಲರಿಗಿಂತ ದೊಡ್ಡ ಆಸಾಮಿ ಇವನೇ ಇದ್ದಿರಬೇಕು ಅನ್ನಿಸುತ್ತದೆ. ಹಾಗೇಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಕಾಲ, ಜಾಗ. ಕ್ರಿ.ಪೂ. 445. ಈಜಿಪ್ಟಿನಿಂದ ಸಿಂಧೂ ನದಿಯ ಕಡೆಯವರೆಗೆ ಪಾರಸಿಯರ, ಅಂದರೆ ಪರ್ಷಿಯನ್ನರ ಆಳ್ವಿಕೆ. ಸಿಂಹಾಸನದ ಮೇಲೆ ಒಂದನೆಯ ಅರ್ತಷಸ್ತ (ಅರ್ಟಕ್ಸರ್ಕ್ಸಿಸ್). ಅವನಿಗೆ ದ್ರಾಕ್ಷಾರಸದ ಬಟ್ಟಲು ಕೊಡುವ ಪಾನದಾಯಕ ನೆಹೆಮೀಯ, ಯೆಹೂದ್ಯ. ಇದು ಸುಮ್ನೆ ಊಳಿಗದ ಕೆಲಸ ಅಂದುಕೊಳ್ಳಬೇಡಿ. ರಾಜನಿಗೆ ಯಾರಾದರೂ ವಿಷ ಹಾಕಿಯಾರು ಅನ್ನುವ ಭಯ ಸದಾ ಇದ್ದ ಅರಮನೆಯಲ್ಲಿ ಈ ಕೆಲಸ ಸಿಗುತ್ತಿದ್ದದ್ದು ತೀರಾ ನಂಬಿಕಸ್ಥರಿಗೆ. ಯೆಹೂದದಿಂದ ಶೂಷನ್ ಪಟ್ಟಣದ ಅರಮನೆಗೆ ಬಂದ ಹನಾನಿ ಮತ್ತು ಸಂಗಡಿಗರಿಂದ ಅವನಿಗೆ ಸುದ್ದಿ ಸಿಗುತ್ತದೆ: ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ. ಕೆಲವು ತಿಂಗಳ ನಂತರ ಅವನು ಸಮಯ ನೋಡಿ ರಾಜನ ಅಪ್ಪಣೆ ಕೇಳುತ್ತಾನೆ. ದಾರಿಯ ಅಧಿಕಾರಿಗಳಿಗೆ ಪತ್ರ, ರಾಜನ ಕಾಡಿನಿಂದ ಮರ ಕೊಡುವಂತೆ ಇನ್ನೊಂದು ಪತ್ರ, ಜೊತೆಗೆ ಕುದುರೆ ಸವಾರರು. ಹೀಗೆ ಎಲ್ಲ ಸಿದ್ಧತೆ ಮಾಡಿಕೊಂಡು ಅವನು ಯೆರೂಸಲೇಮಿಗೆ ಬರುತ್ತಾನೆ.

ಆಗಿನ ಯೆಹೂದ ಒಂದು ಪುಟ್ಟ ಪ್ರಾಂತ. ಯೆರೂಸಲೇಮಿನಿಂದ ಯಾವ ದಿಕ್ಕಿಗೆ ನಡೆದರೂ ಒಂದೆರಡು ದಿನದಲ್ಲಿ ಗಡಿ ದಾಟಿಬಿಡಬಹುದು. ಬಡ ಪ್ರಾಂತ ಬೇರೆ. ಬಾಬೆಲಿನವರು (ಬ್ಯಾಬಿಲೋನಿನವರು) ಊರು ಸುಟ್ಟು ಸುಮಾರು 140 ವರ್ಷ ಆಗಿತ್ತು. ದೇವಾಲಯ ಮತ್ತೆ ಎದ್ದು ನಿಂತಿತ್ತು, ಆದರೆ ಊರಿಗೆ ಗೋಡೆ ಇರಲಿಲ್ಲ. ಗೋಡೆ ಇಲ್ಲದ ಊರು ಆ ಕಾಲದಲ್ಲಿ ದೊಡ್ಡ ಹಳ್ಳಿಯೇ ಹೊರತು ಪಟ್ಟಣ ಅಲ್ಲ. ಗೋಡೆ ಎದ್ದರೆ ಸುಂಕ ವಸೂಲಿ, ಕಾವಲು ದಂಡು, ಅಧಿಕಾರ ಎಲ್ಲ ಅಲ್ಲಿಗೆ ಬರುತ್ತದೆ. ಅಕ್ಕಪಕ್ಕದವರಿಗೆ ತಲೆನೋವು ಶುರುವಾದದ್ದು ಇಲ್ಲೇ.

ನಾಲ್ಕನೆಯ ಅಧ್ಯಾಯದಲ್ಲಿ ವೈರಿಗಳ ಪಟ್ಟಿ ಇದೆ: ಸನ್ಬಲ್ಲಟ, ಟೋಬೀಯ, ಅರಬಿಯರು, ಅಮ್ಮೋನಿಯರು, ಅಷ್ಡೋದಿನವರು. ಓದುವಾಗ ಯಾವುದೋ ಹೆಸರುಗಳ ಸಾಲಿನಂತೆ ಕಾಣುತ್ತದೆ. ನಕ್ಷೆ ಮುಂದಿಟ್ಟುಕೊಂಡು ನೋಡಿ. ಸಮಾರ್ಯ ಉತ್ತರಕ್ಕೆ, ಅಮ್ಮೋನ್ ಯೊರ್ದನ್ ಹೊಳೆಯ ಆಚೆ ಪೂರ್ವಕ್ಕೆ, ಅಷ್ಡೋದ್ ಪಶ್ಚಿಮಕ್ಕೆ ಸಮುದ್ರದ ಕಡೆ. ಅರಬಿಯರು ದಕ್ಷಿಣಕ್ಕೆ. ನಾಲ್ಕು ದಿಕ್ಕಿನಲ್ಲೂ ಒಬ್ಬೊಬ್ಬ ನೆರೆಯವನು ಮುನಿಸಿಕೊಂಡು ಕೂತಿದ್ದಾನೆ. ಗೆಷೆಮ್ ಆ ದಕ್ಷಿಣದ ಬಾಗಿಲು.

ಅವನು ಮೊದಲು ಕಾಣಿಸಿಕೊಳ್ಳುವುದು ಗೋಡೆಯ ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ. ನೆಹೆಮೀಯ ಬಂದ ಸುದ್ದಿ ಕೇಳಿ ಮೊದಲೇ ಹೊಟ್ಟೆ ಉರಿಸಿಕೊಂಡವರು ಸನ್ಬಲ್ಲಟ ಮತ್ತು ಟೋಬೀಯ. ಆಗ ಗೆಷೆಮನ ಹೆಸರಿಲ್ಲ. ನೆಹೆಮೀಯ ಒಂದು ರಾತ್ರಿ ಯಾರಿಗೂ ಹೇಳದೆ, ಕೆಲವೇ ಜನರನ್ನು ಕರೆದುಕೊಂಡು, ಬಿದ್ದ ಗೋಡೆಯನ್ನು ಸುತ್ತಿ ನೋಡಿ ಬರುತ್ತಾನೆ. ಆಮೇಲೆ ಊರಿನವರಿಗೆ 'ಕಟ್ಟೋಣ ಬನ್ನಿ' ಅನ್ನುತ್ತಾನೆ. ಆಗ ಮೂವರೂ ಒಟ್ಟಿಗೆ ಬಂದು ನಗುತ್ತಾರೆ, ಹೀಯಾಳಿಸುತ್ತಾರೆ. ಜೊತೆಗೆ ಕೇಳುವ ಪ್ರಶ್ನೆ: ಏನು ಮಾಡುತ್ತಿದ್ದೀರಿ ನೀವು? ರಾಜನ ಮೇಲೆ ತಿರುಗಿ ಬೀಳುತ್ತೀರೋ?

ಈ ಪ್ರಶ್ನೆಯನ್ನು ಬರೀ ಕುಹಕ ಅಂತ ಓದಿದರೆ ಅದರ ವಿಷ ಗೊತ್ತಾಗುವುದಿಲ್ಲ. ಸುಮಾರು 15 ವರ್ಷ ಹಿಂದೆ, ಕ್ರಿ.ಪೂ. 460ರ ಹೊತ್ತಿಗೆ, ಈಜಿಪ್ಟ್ ಪಾರಸಿಯರ ವಿರುದ್ಧ ದಂಗೆ ಎದ್ದಿತ್ತು. ಇನಾರಸ್ ಎಂಬವನು ಅದರ ಮುಂದಾಳು. ಅಥೆನ್ಸಿನವರು ಹಡಗು ಕಳಿಸಿ ಅವನಿಗೆ ನೆರವು ಕೊಟ್ಟರು. ಅದನ್ನು ಅಡಗಿಸಲು ಪಾರಸಿಯರಿಗೆ ಹಲವು ವರ್ಷ ಬೇಕಾಯಿತು. ಪಾರಸಿಯರ ದಂಡು ಈಜಿಪ್ಟಿಗೆ ಹೋಗುವ ದಾರಿ ಇದೇ ಸೀಮೆಯ ಪಕ್ಕದ ಸಮುದ್ರ ತೀರದ್ದು. ಆ ದಾರಿಗೆ ಹತ್ತಿರದಲ್ಲಿ ಯಾರು ಗೋಡೆ ಕಟ್ಟಿದರೂ ಅರಮನೆಯಲ್ಲಿ ಕಿವಿ ನೆಟ್ಟಗಾಗುತ್ತದೆ.

ಇನ್ನೂ ಒಂದಿದೆ. ಎಜ್ರನ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಇದೇ ಅರ್ತಷಸ್ತನಿಗೆ ಹೋದ ಒಂದು ದೂರು ಪತ್ರವಿದೆ. ರೆಹೂಮ, ಶಿಂಷೈ ಎಂಬ ಅಧಿಕಾರಿಗಳು ಬರೆದದ್ದು. ಯೆರೂಸಲೇಮು ಹಿಂದಿನಿಂದಲೂ ದಂಗೆಕೋರ ಊರು, ಗೋಡೆ ಎದ್ದರೆ ಇವರು ಕಪ್ಪ, ಸುಂಕ ಕೊಡುವುದಿಲ್ಲ, ಬೇಕಾದರೆ ಹಳೆಯ ದಾಖಲೆ ತೆಗೆಸಿ ನೋಡಿ ಅಂತ. ರಾಜ ತೆಗೆಸಿ ನೋಡುತ್ತಾನೆ, ಹೌದು ಅನ್ನಿಸುತ್ತದೆ, ಕೆಲಸ ನಿಲ್ಲಿಸಿ ಎಂದು ಅಪ್ಪಣೆ ಮಾಡುತ್ತಾನೆ. ಅಂದರೆ 'ದಂಗೆ' ಅನ್ನುವ ಒಂದು ಮಾತಿನಿಂದ ಇದೇ ಊರಿನ ಗೋಡೆಯನ್ನು ಇದೇ ರಾಜನ ಕೈಯಲ್ಲಿ ನಿಲ್ಲಿಸಿದ ಉದಾಹರಣೆ ಆಗಲೇ ಇತ್ತು. ಮೂವರೂ ಅದೇ ಮದ್ದನ್ನು ಇನ್ನೊಮ್ಮೆ ಅರೆಯುತ್ತಿದ್ದಾರೆ.

ನೆಹೆಮೀಯನ ಉತ್ತರವೂ ಖಡಕ್ಕಾಗಿಯೇ ಇದೆ. ದೇವರು ನಮಗೆ ಕೆಲಸ ಕೈಗೂಡಿಸುತ್ತಾನೆ, ಯೆರೂಸಲೇಮಿನಲ್ಲಿ ನಿಮಗೆ ಪಾಲೂ ಇಲ್ಲ, ಹಕ್ಕೂ ಇಲ್ಲ, ನೆನಪೂ ಇಲ್ಲ ಅನ್ನುತ್ತಾನೆ. ಇದು ಆಸ್ತಿ ವ್ಯಾಜ್ಯದ ಭಾಷೆ. ಎದುರಿನವರು ಏನನ್ನು ಕೇಳುತ್ತಿದ್ದರು ಅನ್ನುವುದರ ಸುಳಿವು ಇದರಲ್ಲೇ ಇದೆ.

ಮುಂದೆ ಅಣಕ, ಬೆದರಿಕೆ, ದಾಳಿಯ ಒಳಸಂಚು ನಡೆಯುತ್ತದೆ. ನರಿ ಹತ್ತಿದರೂ ಈ ಗೋಡೆ ಬಿದ್ದುಹೋಗುತ್ತದೆ ಅಂತ ಟೋಬೀಯ ಚಟಾಕಿ ಹಾರಿಸುತ್ತಾನೆ. ಕಟ್ಟುವವರು ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಆಯುಧ ಹಿಡಿಯುತ್ತಾರೆ. ಈ ಭಾಗವನ್ನು ಪ್ರಸಂಗಗಳಲ್ಲಿ ಕೇಳಿದವರು ಜಾಸ್ತಿ, ಹಾಗಾಗಿ ಇಲ್ಲಿ ಎಳೆಯುವುದಿಲ್ಲ.

ಗೆಷೆಮ್ ಮತ್ತೆ ಬರುವುದು ಗೋಡೆ ಮುಗಿದು, ಬಾಗಿಲು ಕೂಡಿಸುವುದಷ್ಟೇ ಬಾಕಿ ಇದ್ದಾಗ. ಸನ್ಬಲ್ಲಟನೂ ಗೆಷೆಮನೂ ಹೇಳಿಕಳಿಸುತ್ತಾರೆ: ಬಾ, ಓನೋ ಬಯಲಿನ ಒಂದು ಹಳ್ಳಿಯಲ್ಲಿ ಭೇಟಿಯಾಗೋಣ. ಓನೋ ಇರುವುದು ಯೆರೂಸಲೇಮಿಗೆ ವಾಯುವ್ಯದಲ್ಲಿ, ಲೋದ್ ಊರಿನ ಹತ್ತಿರ, 40 ಕಿಲೋಮೀಟರಿಗೂ ಹೆಚ್ಚು ದೂರ. ಹೋಗಿ ಮಾತಾಡಿ ಬರಬೇಕೆಂದರೆ ಮೂರ್ನಾಲ್ಕು ದಿನ ಊರು ಬಿಡಬೇಕು. ಕೆಲಸ ನಿಲ್ಲುತ್ತದೆ. ವಾಪಸ್ಸು ಬರುತ್ತೇನೋ ಇಲ್ಲವೋ ಅನ್ನುವ ಅನುಮಾನ ಬೇರೆ. ನನಗೆ ದೊಡ್ಡ ಕೆಲಸವಿದೆ, ಬರಲಾರೆ ಅಂತ ನೆಹೆಮೀಯ ಹೇಳಿಕಳಿಸುತ್ತಾನೆ. ಅವರು ನಾಲ್ಕು ಸಲ ಕರೆದರು, ಇವನು ನಾಲ್ಕು ಸಲವೂ ಅದೇ ಉತ್ತರ ಕೊಟ್ಟ.

ಐದನೆಯ ಸಲ ಬಂದದ್ದು ಆ ಪತ್ರ. ತಂದ ಆಳಿನ ಕೈಯಲ್ಲಿ ಅದು 'ತೆರೆದ ಪತ್ರ'ವಾಗಿತ್ತು ಅಂತ ನೆಹೆಮೀಯ ಪ್ರತ್ಯೇಕವಾಗಿ ಗುರುತು ಮಾಡಿ ಬರೆಯುತ್ತಾನೆ. ಯಾಕೆ ಗೊತ್ತಾ? ಆಗ ಪತ್ರ ಬರೆಯುತ್ತಿದ್ದದ್ದು ಪಪೈರಸ್ ಹಾಳೆಯ ಮೇಲೆ. ಬರೆದಾದ ಮೇಲೆ ಸುತ್ತಿ, ಮಡಚಿ, ದಾರ ಕಟ್ಟಿ, ದಾರದ ಗಂಟಿಗೆ ಹಸಿ ಜೇಡಿಮಣ್ಣಿನ ಪುಟ್ಟ ಉಂಡೆ ಮೆತ್ತಿ, ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಮಣ್ಣು ಒಣಗಿದ ಮೇಲೆ ಅದನ್ನು ಒಡೆಯದೆ ಪತ್ರ ಓದುವ ಹಾಗಿಲ್ಲ. 1962ರಲ್ಲಿ ಯೆರಿಕೋವಿನ ಉತ್ತರಕ್ಕೆ ವಾದಿ ದಾಲಿಯೆ ಎಂಬ ಕಣಿವೆಯ ಗುಹೆಯಲ್ಲಿ ಇಂಥ ಮಣ್ಣಿನ ಮುದ್ರೆಗಳು ರಾಶಿಯಾಗಿ ಸಿಕ್ಕವು. ಅದರಲ್ಲಿ ಒಂದರ ಮೇಲೆ ಸಮಾರ್ಯದ ಅಧಿಪತಿ ಸನ್ಬಲ್ಲಟನ ಮಗನ ಹೆಸರಿದೆ. ನೆಹೆಮೀಯನ ವೈರಿಯ ವಂಶದವನೇ ಇರಬೇಕು. ಆ ಮನೆಯವರಿಗೆ ಪತ್ರಕ್ಕೆ ಮುದ್ರೆ ಹಾಕುವುದು ಗೊತ್ತಿರಲಿಲ್ಲ ಅಂತೇನಲ್ಲ.

ಬೇಕೆಂದೇ ಹಾಕಲಿಲ್ಲ. ಮುದ್ರೆ ಇಲ್ಲದ ಪತ್ರವನ್ನು ತರುವ ಆಳು ಓದಬಹುದು, ದಾರಿಯ ಛತ್ರದಲ್ಲಿ ಯಾರೋ ಓದಬಹುದು, ಯೆರೂಸಲೇಮಿನ ಬಾಗಿಲಲ್ಲಿ ನಿಂತವನು ಓದಬಹುದು. ಪತ್ರ ನೆಹೆಮೀಯನ ಕೈ ಸೇರುವ ಹೊತ್ತಿಗೆ ಗಾಳಿಸುದ್ದಿ ಊರೆಲ್ಲ ಹರಡಿರುತ್ತದೆ. 'ಜನ ಮಾತಾಡಿಕೊಳ್ಳುತ್ತಿದ್ದಾರೆ' ಅನ್ನುವ ಸುಳ್ಳನ್ನು ಪತ್ರವೇ ದಾರಿಯುದ್ದಕ್ಕೂ ನಿಜ ಮಾಡುತ್ತಾ ಬರುತ್ತದೆ. ಇವತ್ತಿನ ವಾಟ್ಸಾಪ್ ಫಾರ್ವರ್ಡಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಗಾಳಿಸುದ್ದಿಗೆ ಒಬ್ಬ ಸಾಕ್ಷಿ ಬೇಕು. ಜನ ಹೇಳುತ್ತಾರೆ ಅಂದರೆ ಯಾವ ಜನ ಅಂತ ರಾಜ ಕೇಳಿಯೇ ಕೇಳುತ್ತಾನೆ. ಸನ್ಬಲ್ಲಟ ತನ್ನ ಹೆಸರು ಹೇಳಿದರೆ ಪಕ್ಕದ ಪ್ರಾಂತದವನ ಹೊಟ್ಟೆಕಿಚ್ಚು ಅನ್ನುತ್ತಾರೆ. ಟೋಬೀಯನಿಗಂತೂ ಯೆರೂಸಲೇಮಿನ ದೊಡ್ಡ ಮನೆತನಗಳ ಜೊತೆ ಬೀಗತನ, ಅವನ ಮಾತಿಗೂ ಒಳಸುಳಿ ಇದೆ ಅನ್ನುತ್ತಾರೆ. ಆಗ ಬರುತ್ತದೆ ಮೂರನೆಯ ಹೆಸರು, ಗಷ್ಮು. ಅಲ್ಲಿ ಅವನನ್ನು 'ಅರಬಿಯನು' ಎಂದು ಕೂಡ ಕರೆದಿಲ್ಲ. ಹೆಸರು ಹೇಳಿದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತು ಅನ್ನುವ ಧಾಟಿ. ಪಾರಸಿಯ ಅರಮನೆಯಲ್ಲಿ ಯಾರ ಮಾತಿಗೆ ಬೆಲೆ ಇತ್ತೋ ಅಂಥವನ ಹೆಸರನ್ನೇ ತಾನೇ ಹೀಗೆ ಬಳಸುವುದು?

ಇಷ್ಟು ಹೇಳಲು ನೆಹೆಮೀಯನ ಪುಸ್ತಕವೊಂದೇ ಇದ್ದಿದ್ದರೆ ಊಹೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಒಂದು ಬೆಳ್ಳಿ ಬಟ್ಟಲು ಇದೆ.

ಈಜಿಪ್ಟಿನ ಪೂರ್ವ ತುದಿಯಲ್ಲಿ, ನೈಲ್ ನದಿಯ ಮುಖಜ ಭೂಮಿ ಮುಗಿದು ಮರಳುಗಾಡು ಶುರುವಾಗುವ ಕಡೆ, ತೆಲ್ ಎಲ್ ಮಸ್ಖೂತಾ ಎಂಬ ದಿಬ್ಬವಿದೆ. ಪಾರಸಿಯ ರಾಜ ದಾರ್ಯಾವೆಷ (ಡೇರಿಯಸ್) ನೈಲಿನಿಂದ ಕೆಂಪು ಸಮುದ್ರದ ಕಡೆಗೆ ತೋಡಿಸಿದ ಕಾಲುವೆ ಹೋಗುತ್ತಿದ್ದದ್ದು ಇದೇ ಕಣಿವೆಯಲ್ಲಿ. ಕಳೆದ ಶತಮಾನದ ನಡುವೆ ಅಲ್ಲಿ ಬೆಳ್ಳಿಯ ಪಾತ್ರೆಗಳು ಸಿಕ್ಕವು, ಜೊತೆಗೆ ಅಥೆನ್ಸಿನ ಬೆಳ್ಳಿ ನಾಣ್ಯಗಳು. ಪಾತ್ರೆಗಳು ಕೊನೆಗೆ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ ಸೇರಿದವು. 1956ರಲ್ಲಿ ಐಸಾಕ್ ರಾಬಿನೋವಿಟ್ಸ್ ಎಂಬ ವಿದ್ವಾಂಸರು ಅವುಗಳ ಮೇಲಿನ ಬರಹ ಓದಿ ಪ್ರಕಟಿಸಿದರು.

ಒಂದು ಬಟ್ಟಲಿನ ಮೇಲೆ ಆರಾಮಿಕ್ ಲಿಪಿಯಲ್ಲಿ ಒಂದೇ ಸಾಲು ಕೆತ್ತಿದೆ. ಅದರ ಅರ್ಥ: ಕೇದಾರಿನ ರಾಜ, ಗೆಷೆಮನ ಮಗ ಕೈನು, ಹನ್ ಇಲಾತಳಿಗೆ ಅರ್ಪಿಸಿದ್ದು. ಗುಡಿಗೆ ಕಾಣಿಕೆ ಕೊಟ್ಟವರು ಪಾತ್ರೆಯ ಮೇಲೆ ಹೆಸರು ಹಾಕಿಸುವ ರೂಢಿ ನಮಗೇನು ಹೊಸದಲ್ಲ. ಹನ್ ಇಲಾತ್ ಅಂದರೆ 'ಆ ದೇವಿ'. ಲಿಪಿಯ ಶೈಲಿ ಮತ್ತು ಜೊತೆಗಿದ್ದ ನಾಣ್ಯಗಳಿಂದ ಬಟ್ಟಲಿನ ಕಾಲ ಸುಮಾರು ಕ್ರಿ.ಪೂ. 400 ಅಂತ ಲೆಕ್ಕ. ಮಗ 400ರ ಆಸುಪಾಸಿನಲ್ಲಿ ರಾಜನಾಗಿದ್ದರೆ ಅಪ್ಪನ ಕಾಲ 445ರ ಹೊತ್ತಿಗೆ ಸರಿಯಾಗಿ ಕೂರುತ್ತದೆ. ಹೆಸರೂ ಅದೇ, ಅರಬ್ಬನೂ ಹೌದು, ಸೀಮೆಯೂ ಯೆಹೂದದ ದಕ್ಷಿಣದಿಂದ ಈಜಿಪ್ಟಿನ ಬಾಗಿಲವರೆಗೆ. ಇವನೇ ನೆಹೆಮೀಯನ ಗೆಷೆಮ್ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆ ಹೆಸರು ಅರಬ್ಬರಲ್ಲಿ ಬೇರೆಯವರಿಗೂ ಇತ್ತು, ಆದ್ದರಿಂದ ನೂರಕ್ಕೆ ನೂರು ಅನ್ನುವ ಹಾಗಿಲ್ಲ. ಆದರೂ ಕಾಲ, ಜಾಗ, ಹೆಸರು ಮೂರೂ ಹೀಗೆ ಹೊಂದಿಕೊಳ್ಳುವುದು ಅಪರೂಪ.

ಇನ್ನೊಂದು ಬರಹವನ್ನೂ ಇವನ ಜೊತೆ ಜೋಡಿಸುವವರಿದ್ದಾರೆ. ಇವತ್ತಿನ ಸೌದಿ ಅರೇಬಿಯಾದ ಅಲ್ ಉಲಾದಲ್ಲಿ, ಅಂದರೆ ಹಳೆಯ ದೆದಾನಿನಲ್ಲಿ, ಬಂಡೆಯ ಮೇಲೆ 'ಶಹರನ ಮಗ ಗಷ್ಮ್ ಮತ್ತು ದೆದಾನಿನ ಅಧಿಪತಿ ಅಬ್ದ್ ಇವರ ದಿನಗಳಲ್ಲಿ' ಎಂದು ಕೆತ್ತಿದೆ. ಇದರ ಕಾಲದ ಬಗ್ಗೆ ಜಗಳ ಇದೆ. ನನ್ನ ಮಟ್ಟಿಗೆ ಬಟ್ಟಲಿನ ಸಾಕ್ಷ್ಯವೇ ಗಟ್ಟಿ.

ಹಾಗಾದರೆ 'ಕೇದಾರಿನ ರಾಜ' ಅಂದರೆ ಏನು? ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕೇದಾರನಾಥಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಆದಿಕಾಂಡದ ಪ್ರಕಾರ ಕೇದಾರ್ ಅಂದರೆ ಇಷ್ಮಾಯೇಲನ ಎರಡನೆಯ ಮಗ. ಚರಿತ್ರೆಯಲ್ಲಿ ಅದು ಉತ್ತರ ಅರೇಬಿಯದ ಅರಬ್ ಬುಡಕಟ್ಟುಗಳ ಒಂದು ದೊಡ್ಡ ಕೂಟ. ಒಂಟೆ, ಕುರಿ, ಕಪ್ಪು ಗುಡಾರಗಳ ಜನ. ಅಶ್ಶೂರದ ರಾಜರು ಇವರ ಮೇಲೆ ಹಲವು ಸಲ ದಂಡೆತ್ತಿ ಹೋಗಿದ್ದರು. ಬಾಬೆಲಿನ ನೆಬೂಕದ್ನೆಚ್ಚರನೂ ಹೊಡೆದಿದ್ದ. ತೂರ್ ಪಟ್ಟಣದ ಸಂತೆಗೆ ಕೇದಾರಿನ ಪ್ರಭುಗಳು ಕುರಿ, ಟಗರು, ಹೋತಗಳನ್ನು ತರುತ್ತಿದ್ದರು ಅಂತ ಯೆಹೆಜ್ಕೇಲನ ಪುಸ್ತಕ ಹೇಳುತ್ತದೆ.

ಕುರಿ ವ್ಯಾಪಾರದಲ್ಲಿ ಬರುವ ಹಣ ಅಷ್ಟಕ್ಕಷ್ಟೇ. ನಿಜವಾದ ಕಾಸು ಇದ್ದದ್ದು ಧೂಪದಲ್ಲಿ. ಅರೇಬಿಯದ ದಕ್ಷಿಣ ತುದಿಯಲ್ಲಿ, ಇವತ್ತಿನ ಯೆಮೆನ್, ಒಮಾನ್ ಕಡೆ, ಒಂದು ಜಾತಿಯ ಮುಳ್ಳುಗಾಡಿನ ಮರದ ತೊಗಟೆ ಗೀರಿದರೆ ಹಾಲಿನಂಥ ಅಂಟು ಬರುತ್ತದೆ. ಅದು ಗಟ್ಟಿಯಾದರೆ ಅರಬ್ಬರ ಲುಬಾನ್. ನಮ್ಮ ಲೋಬಾನ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಈಜಿಪ್ಟ್, ಬಾಬೆಲ್, ಗ್ರೀಸ್, ಯೆರೂಸಲೇಮ್, ಎಲ್ಲ ಕಡೆಯ ಗುಡಿಗಳಿಗೂ ಅದು ಬೇಕು. ಮರ ಬೆಳೆಯುವುದು ಕೆಲವೇ ಕಡೆ. ಅಲ್ಲಿಂದ ಒಂಟೆಗಳ ಮೇಲೆ ಹೇರಿ, ಬಾವಿಯಿಂದ ಬಾವಿಗೆ ನಡೆದು, ದೆದಾನ್ ದಾಟಿ, ಕೊನೆಗೆ ಗಾಜಾ ರೇವಿಗೆ ತರಬೇಕು. ಬಾವಿ ಯಾರ ಕೈಯಲ್ಲಿದೆಯೋ ದಾರಿ ಅವರದು. ದಾರಿ ಯಾರದೋ ಸುಂಕ ಅವರದು. ಗೆಷೆಮನ ಕಾಲದಲ್ಲಿ ಆ ದಾರಿಯ ಉತ್ತರದ ಭಾಗದ ಮೇಲೆ ಕೇದಾರಿನವರ ಹಿಡಿತ ಇತ್ತು.

ಇದೇ ಕಾಲದ ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಅರಬ್ಬರ ಬಗ್ಗೆ ಬರೆದದ್ದು ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಕ್ರಿ.ಪೂ. 525ರಲ್ಲಿ ಪಾರಸಿಯ ರಾಜ ಕಂಬೀಸಸ್ ಈಜಿಪ್ಟಿನ ಮೇಲೆ ಹೊರಟ. ದಾರಿಯಲ್ಲಿ ನೀರಿಲ್ಲದ ಮರಳುಗಾಡು. ಅರಬ್ಬರ ರಾಜನ ನೆರವಿಲ್ಲದೆ ದಾಟಲು ಆಗುವುದಿಲ್ಲ. ಒಪ್ಪಂದವಾಯಿತು. ಅರಬ್ಬರ ರಾಜ ಒಂಟೆ ತೊಗಲಿನ ಬುದ್ದಲಿಗಳಲ್ಲಿ ನೀರು ತುಂಬಿಸಿ, ಒಂಟೆಗಳ ಮೇಲೆ ಹೇರಿಸಿ, ಮರಳುಗಾಡಿನ ನಡುವೆ ಪಾರಸಿಯರ ದಂಡಿಗಾಗಿ ಕಾದ. ಆ ಒಪ್ಪಂದ ಮಾಡುವ ಕ್ರಮವನ್ನೂ ಹೆರೊಡೋಟಸ್ ವಿವರಿಸುತ್ತಾನೆ. ಇಬ್ಬರ ನಡುವೆ ಮೂರನೆಯವನೊಬ್ಬ ನಿಲ್ಲುತ್ತಾನೆ. ಚೂಪಾದ ಕಲ್ಲಿನಿಂದ ಇಬ್ಬರ ಅಂಗೈಯನ್ನೂ ಹೆಬ್ಬೆರಳಿನ ಹತ್ತಿರ ಗೀರುತ್ತಾನೆ. ಇಬ್ಬರ ಬಟ್ಟೆಯಿಂದಲೂ ಒಂದೊಂದು ಎಳೆ ಕಿತ್ತು, ರಕ್ತದಲ್ಲಿ ಅದ್ದಿ, ನಡುವೆ ಇಟ್ಟ ಏಳು ಕಲ್ಲುಗಳಿಗೆ ಸವರುತ್ತಾನೆ. ಸವರುತ್ತಾ ದೇವರ ಹೆಸರು ಹೇಳುತ್ತಾನೆ. ಅರಬ್ಬರ ದೇವಿಯ ಹೆಸರು ಅಲಿಲಾತ್ ಎಂದು ಹೆರೊಡೋಟಸ್ ಬರೆದಿದ್ದಾನೆ. ಬಟ್ಟಲಿನ ಮೇಲಿನ ಹನ್ ಇಲಾತಳೂ ಇವಳೂ ಒಬ್ಬಳೇ.

ಆ ಸಹಾಯಕ್ಕೆ ಪ್ರತಿಫಲ ದೊಡ್ಡದಿತ್ತು. ಅರಬ್ಬರು ಎಂದೂ ಪಾರಸಿಯರ ಆಳುಗಳಾಗಲಿಲ್ಲ, ಮಿತ್ರರಾದರು ಎಂದು ಹೆರೊಡೋಟಸ್ ಹೇಳುತ್ತಾನೆ. ಬೇರೆ ಪ್ರಾಂತಗಳು ಕಪ್ಪ ಕಟ್ಟುತ್ತಿದ್ದರೆ ಇವರು ಕೊಡುತ್ತಿದ್ದದ್ದು ಉಡುಗೊರೆ. ವರ್ಷಕ್ಕೆ 1,000 ತಲಾಂತು ಧೂಪ. ತಲಾಂತು ಅಂದರೆ ಆಗಿನ ಒಂದು ತೂಕದ ಅಳತೆ. ಯಾವ ತಲಾಂತು ಹಿಡಿದರೂ 25 ಟನ್ನಿಗೆ ಕಡಿಮೆ ಇಲ್ಲ. ಗಾಜಾದಿಂದ ಈಜಿಪ್ಟಿನ ಕಡೆಗಿನ ಸಮುದ್ರ ತೀರದ ಒಂದು ಪಟ್ಟಿಯೂ ಅರಬ್ಬರ ರಾಜನದೇ ಆಗಿತ್ತು.

ಈಗ ಮೂವರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ಸನ್ಬಲ್ಲಟ ಒಂದು ಪ್ರಾಂತದ ಅಧಿಪತಿ, ರಾಜ ಬೇಡ ಅಂದರೆ ಕೆಲಸ ಹೋಯಿತು. ಟೋಬೀಯ ಯೊರ್ದನಿನಾಚೆಯ ಸಿರಿವಂತ ಮನೆತನದವನು, ಬಹುಶಃ ಅಲ್ಲಿನ ಅಧಿಕಾರಿ. ಗೆಷೆಮ್ ತನ್ನದೇ ಜನಕ್ಕೆ ರಾಜ. ಪಾರಸಿಯರು ಅವನಿಂದ ಕಪ್ಪ ಕೇಳುವುದಿಲ್ಲ, ಈಜಿಪ್ಟಿನ ದಾರಿ ಕಾಯಲು ಅವನ ಸ್ನೇಹ ಬಿಡುವ ಹಾಗೂ ಇಲ್ಲ. ಹತ್ತಿಪ್ಪತ್ತು ವರ್ಷದ ಹಿಂದಷ್ಟೇ ಈಜಿಪ್ಟ್ ಕೈತಪ್ಪಿ ಹೋಗುವುದರಲ್ಲಿದ್ದ ಅರ್ತಷಸ್ತನಿಗೆ, ದಂಗೆಯ ವಿಚಾರದಲ್ಲಿ ಈ ಗಡಿಯವನ ಮಾತು ಹಗುರಾಗಿ ಕಾಣಲು ಸಾಧ್ಯವೇ?

ಅವನಿಗೆ ಯೆರೂಸಲೇಮಿನ ಗೋಡೆಯಿಂದ ಆಗುವ ನಷ್ಟ ಏನು ಅನ್ನುವುದನ್ನು ಪುಸ್ತಕ ಹೇಳುವುದಿಲ್ಲ. ಧೂಪದ ದಾರಿ ಯೆರೂಸಲೇಮಿನ ಮೂಲಕ ಹೋಗುತ್ತಿರಲಿಲ್ಲ, ಇನ್ನೂ ದಕ್ಷಿಣದಲ್ಲಿ ನೆಗೆವ್ ಮರಳುಗಾಡಿನ ಮೂಲಕ ಗಾಜಾಕ್ಕೆ ಇಳಿಯುತ್ತಿತ್ತು. ಹಾಗಾಗಿ ವ್ಯಾಪಾರದ ಪೈಪೋಟಿ ಅಂತ ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಜಮೀನಿನ ಕಾರಣ ಹೆಚ್ಚು ನಂಬಬಹುದಾದದ್ದು. ಯೆರೂಸಲೇಮಿನಿಂದ 30 ಕಿಲೋಮೀಟರ್ ದಕ್ಷಿಣಕ್ಕಿರುವ ಹೆಬ್ರೋನ್, ಅದರಾಚೆಯ ಲಾಕೀಷ್, ಇವೆಲ್ಲ ಹಿಂದೆ ಯೆಹೂದ ರಾಜ್ಯದ ಊರುಗಳು. ಬಾಬೆಲಿನವರ ದಾಳಿಯ ನಂತರ ಜನ ಚದುರಿಹೋದಾಗ ಎದೋಮ್ಯರೂ ಅರಬ್ಬರೂ ಅಲ್ಲಿ ಬಂದು ನೆಲೆಸಿದರು. ಆ ಸೀಮೆಯಲ್ಲಿ ಸಿಕ್ಕ, ಮುಂದಿನ ಶತಮಾನದ ಸಾವಿರಕ್ಕೂ ಹೆಚ್ಚು ಮಡಕೆ ಚೂರುಗಳ ಮೇಲೆ ಧಾನ್ಯ, ಹುಲ್ಲು, ಎಣ್ಣೆಯ ಲೆಕ್ಕ ಬರೆದಿದೆ. ಅದರಲ್ಲಿ ಅರಬ್ ಹೆಸರುಗಳು, ಎದೋಮ್ಯ ಹೆಸರುಗಳು, ಯೆಹೂದ್ಯ ಹೆಸರುಗಳು ಬೆರೆತುಹೋಗಿವೆ. ಇತ್ತ ನೆಹೆಮೀಯನ ಪುಸ್ತಕದ ಹನ್ನೊಂದನೆಯ ಅಧ್ಯಾಯದಲ್ಲಿ ಯೆಹೂದ್ಯರು ವಾಸವಾಗಿದ್ದ ಊರುಗಳ ಪಟ್ಟಿಯಲ್ಲಿ ಕಿರ್ಯತರ್ಬ ಇದೆ, ಹೆಬ್ರೋನಿನ ಹಳೆಯ ಹೆಸರು ಅದು. ಹಳೆಯ ಪಿತ್ರಾರ್ಜಿತದ ನೆನಪಿರುವವರು ಗೋಡೆ ಕಟ್ಟಿ ಗಟ್ಟಿಯಾದರೆ ಮುಂದೆ ಏನು ಕೇಳುತ್ತಾರೆ ಅಂತ ದಕ್ಷಿಣದವರಿಗೆ ಅನ್ನಿಸಿರಬೇಕು. 'ನಿಮಗೆ ಪಾಲೂ ಇಲ್ಲ, ಹಕ್ಕೂ ಇಲ್ಲ' ಎಂಬ ನೆಹೆಮೀಯನ ಮಾತು ಅವರ ಕಿವಿಗೆ ಹೇಗೆ ಕೇಳಿರಬಹುದು ಅಂತ ಯೋಚಿಸಿ.

ಇಷ್ಟು ದೊಡ್ಡವನನ್ನು ಪುಸ್ತಕ ಯಾಕೆ ಇಷ್ಟು ಚಿಕ್ಕದಾಗಿ ತೋರಿಸುತ್ತದೆ? ಉತ್ತರ ಪುಸ್ತಕದ ಸ್ವಭಾವದಲ್ಲೇ ಇದೆ. ಇದರ ಹೆಚ್ಚಿನ ಭಾಗ ನೆಹೆಮೀಯನೇ 'ನಾನು' ಎಂದು ಹೇಳಿಕೊಳ್ಳುವ ಬರಹ. ವೈರಿಗಳಿಗೆ ಅವನು ಪದವಿ ಕೊಡುವುದೇ ಇಲ್ಲ. ಸನ್ಬಲ್ಲಟ ಬರೀ 'ಹೋರೋನ್ಯನು'. ಟೋಬೀಯ 'ಅಮ್ಮೋನಿಯನಾದ ದಾಸ'. ಗೆಷೆಮ್ 'ಅರಬಿಯನು'. ಮೂವರೂ ಹೊರಗಿನವರು, ಅಷ್ಟೇ ಗೊತ್ತಾದರೆ ಸಾಕು ಅನ್ನುವ ಧೋರಣೆ. ಸನ್ಬಲ್ಲಟ ಸಮಾರ್ಯದ ಅಧಿಪತಿ ಅಂತ ನಮಗೆ ಗೊತ್ತಾಗುವುದು ಬೈಬಲಿನಿಂದ ಅಲ್ಲವೇ ಅಲ್ಲ. ಈಜಿಪ್ಟಿನ ದಕ್ಷಿಣ ಗಡಿಯ ಎಲಿಫಾಂಟಿನ್ ದ್ವೀಪದಲ್ಲಿದ್ದ ಯೆಹೂದ್ಯರು ಕ್ರಿ.ಪೂ. 407ರಲ್ಲಿ, ಕೆಡವಿಹಾಕಿದ ತಮ್ಮ ಗುಡಿಯನ್ನು ಮತ್ತೆ ಕಟ್ಟಿಸಿಕೊಡಿ ಎಂದು ಬರೆದ ಮನವಿಯಲ್ಲಿ 'ಸಮಾರ್ಯದ ಅಧಿಪತಿ ಸನ್ಬಲ್ಲಟನ ಮಕ್ಕಳು' ಎಂಬ ಮಾತಿದೆ. ತಮಾಷೆ ನೋಡಿ, ನೆಹೆಮೀಯ ಯಾರನ್ನು ವೈರಿ ಅಂದನೋ ಅವನ ಮಕ್ಕಳ ಹತ್ತಿರವೇ ಈ ಯೆಹೂದ್ಯರು ಸಹಾಯ ಕೇಳುತ್ತಿದ್ದಾರೆ. ಪಪೈರಸ್ ಸಿಕ್ಕಿರದಿದ್ದರೆ ಸನ್ಬಲ್ಲಟನೂ ಯಾವನೋ ಊರ ಪುಂಡ ಅಂತಲೇ ಉಳಿಯುತ್ತಿದ್ದ. ಗೆಷೆಮನಿಗೆ ಆ ಸಹಾಯ ಮಾಡಿದ್ದು ಬಟ್ಟಲು.

ಪತ್ರದ ಕಥೆಯ ಕೊನೆ ಬಹಳ ಚಿಕ್ಕದು. ನೀನು ಹೇಳಿದ್ದು ಯಾವುದೂ ನಡೆದಿಲ್ಲ, ಎಲ್ಲ ನಿನ್ನ ಮನಸ್ಸಿನಿಂದ ಹುಟ್ಟಿಸಿದ್ದು ಅಂತ ನೆಹೆಮೀಯ ಉತ್ತರ ಕಳಿಸುತ್ತಾನೆ. ಗೋಡೆ 52 ದಿನಗಳಲ್ಲಿ, ಯೆಹೂದ್ಯರ ಎಲೂಲ್ ತಿಂಗಳ 25ರಂದು ಮುಗಿಯುತ್ತದೆ. ಗಷ್ಮು ನಿಜವಾಗಿ ಹಾಗೆ ಹೇಳಿದ್ದನೋ, ಅಥವಾ ಸನ್ಬಲ್ಲಟ ಅವನನ್ನು ಕೇಳದೆಯೇ ಅವನ ಹೆಸರು ಹಾಕಿಬಿಟ್ಟನೋ, ಅದನ್ನು ಕೂಡ ಪುಸ್ತಕ ಬಿಡಿಸುವುದಿಲ್ಲ. ಗೆಷೆಮ್ ತನ್ನ ಬಾಯಿಂದ ಒಬ್ಬನೇ ಆಡಿದ ಮಾತು ಒಂದೂ ಇಲ್ಲ. ಹೀಯಾಳಿಸುವಾಗ ಮೂವರಲ್ಲಿ ಒಬ್ಬ, ಓನೋಗೆ ಕರೆಯುವಾಗ ಇಬ್ಬರಲ್ಲಿ ಒಬ್ಬ, ಪತ್ರದಲ್ಲಿ ಬೇರೆಯವನ ಬಾಯಲ್ಲಿ ಒಂದು ಹೆಸರು.

ಇದಕ್ಕೆ ಹೊಂದಿಕೊಳ್ಳುವ ಇನ್ನೊಂದು ವಿಷಯವನ್ನು ಜನ ಗಮನಿಸುವುದು ಕಡಿಮೆ. ಪತ್ರ ಬಂದ ಸ್ವಲ್ಪ ಹೊತ್ತಿನಲ್ಲೇ, ಶೆಮಾಯ ಎಂಬವನು ನೆಹೆಮೀಯನನ್ನು ಹೆದರಿಸಿ ದೇವಾಲಯದೊಳಗೆ ಅಡಗಿಸಲು ನೋಡುತ್ತಾನೆ. ಅವನಿಗೆ ದುಡ್ಡು ಕೊಟ್ಟವರು ಟೋಬೀಯ ಮತ್ತು ಸನ್ಬಲ್ಲಟ. ಅದು ಗೊತ್ತಾದ ಮೇಲೆ ನೆಹೆಮೀಯ ದೇವರಿಗೆ ಮೊರೆಯಿಡುತ್ತಾನೆ: ಟೋಬೀಯ, ಸನ್ಬಲ್ಲಟ, ನೋವದ್ಯ ಎಂಬ ಪ್ರವಾದಿನಿ, ನನ್ನನ್ನು ಹೆದರಿಸಿದ ಉಳಿದ ಪ್ರವಾದಿಗಳು, ಇವರ ಕೃತ್ಯಗಳನ್ನು ನೆನಪಿಟ್ಟುಕೋ. ಈ ಶಾಪದ ಪಟ್ಟಿಯಲ್ಲಿ ಗೆಷೆಮ್ ಇಲ್ಲ. ಆಮೇಲೆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಉಳಿದಿಬ್ಬರು ಕೊನೆಯ ಅಧ್ಯಾಯದವರೆಗೂ ಕಾಡುತ್ತಾರೆ, ಯಾಕೆಂದರೆ ಅವರ ಬೇರು ಯೆರೂಸಲೇಮಿನೊಳಗೇ ಇಳಿದಿತ್ತು. ಮಹಾಯಾಜಕನ ಮನೆಯ ಹುಡುಗನೊಬ್ಬ ಸನ್ಬಲ್ಲಟನ ಅಳಿಯ. ಟೋಬೀಯನಿಗೆ ದೇವಾಲಯದ ಅಂಗಳದಲ್ಲೇ ಒಂದು ಕೋಣೆ ಕೊಟ್ಟಿದ್ದರು. ನೆಹೆಮೀಯ ಸಿಟ್ಟಿನಿಂದ ಅವನ ಸಾಮಾನನ್ನೆಲ್ಲ ಆಚೆ ಎಸೆದು, ಆ ಕೋಣೆಯಲ್ಲಿ ಮೊದಲು ಇದ್ದದ್ದನ್ನು ಮತ್ತೆ ಇಡಿಸುತ್ತಾನೆ. ಅಲ್ಲಿ ಇಡುತ್ತಿದ್ದದ್ದು ದೇವಾಲಯದ ಪಾತ್ರೆ, ಧಾನ್ಯದ ಕಾಣಿಕೆ, ಮತ್ತು ಧೂಪ. ಆ ಧೂಪ ದಕ್ಷಿಣ ಅರೇಬಿಯದಿಂದ ಬರಬೇಕಾದರೆ ಯಾರ ಸೀಮೆ ದಾಟಿ ಬರಬೇಕಿತ್ತು ಅನ್ನುವುದನ್ನು ನೆಹೆಮೀಯ ಬರೆದಿಲ್ಲ. ವೈರಿಯಾದರೂ ಅವನ ದಾರಿ ಇಲ್ಲದೆ ಪೂಜೆ ನಡೆಯದು.

ಗೆಷೆಮನನ್ನು ಇಟ್ಟುಕೊಂಡು ಇವತ್ತಿನ ಇಸ್ರೇಲ್, ಅರಬ್ ಜಗಳಕ್ಕೆ 2,500 ವರ್ಷದ ಇತಿಹಾಸ ಇದೆ ಅಂತ ಹೇಳುವವರು ಸಿಗುತ್ತಾರೆ. ಅದು ಸುಮ್ನೆ ಮಾತು. ಇಸ್ಲಾಂ ಬರಲು ಆಗ ಇನ್ನೂ ಸಾವಿರ ವರ್ಷ ಇತ್ತು. 'ಅರಬಿ' ಅಂದರೆ ಆಗ ಮರಳುಗಾಡಿನ ಒಂಟೆ ಜನ ಅಂತ ಅರ್ಥ. ಬೈಬಲಿನಲ್ಲೇ ಅವರ ಚಿತ್ರ ಒಂದೇ ಥರ ಇಲ್ಲ. ಯೆಹೋಷಾಫಾಟ ರಾಜನಿಗೆ ಅರಬಿಯರು 7,700 ಟಗರು, 7,700 ಹೋತಗಳನ್ನು ತಂದುಕೊಟ್ಟರು ಎಂದು ಪೂರ್ವಕಾಲವೃತ್ತಾಂತದಲ್ಲಿದೆ. ಅವನ ಮಗನ ಕಾಲಕ್ಕೆ ಅದೇ ಅರಬಿಯರು ಫಿಲಿಷ್ಟಿಯರ ಜೊತೆ ಸೇರಿ ಅರಮನೆ ಲೂಟಿ ಮಾಡಿದರು. ಕೇದಾರಿನ ಗುಡಾರಗಳಲ್ಲಿ ಬದುಕಬೇಕಾಯಿತಲ್ಲ ಅಂತ ಒಂದು ಕೀರ್ತನೆ ಗೋಳಾಡುತ್ತದೆ. ಯೆಶಾಯನ ಅರವತ್ತನೆಯ ಅಧ್ಯಾಯದಲ್ಲಿ ಕೇದಾರಿನ ಮಂದೆಗಳೆಲ್ಲ ಯೆರೂಸಲೇಮಿಗೆ ಬರುತ್ತವೆ, ದೇವರು ಅವನ್ನು ತನ್ನ ಬಲಿಪೀಠದ ಮೇಲೆ ಸ್ವೀಕರಿಸುತ್ತಾನೆ. ಒಂದು ಕಾಲಕ್ಕೆ ನೆಂಟ, ಇನ್ನೊಂದು ಕಾಲಕ್ಕೆ ಕಳ್ಳ. ಗಡಿಯ ನೆರೆಯವರ ನಡುವೆ ಎಲ್ಲ ಕಡೆ ನಡೆಯುವುದು ಇದೇ ಅಲ್ವಾ?

ಟೋಬೀಯನ ಹೆಸರಿನ ಮನೆತನ ಮುಂದೆಯೂ ಬಾಳಿತು. ಸುಮಾರು 200 ವರ್ಷದ ನಂತರವೂ ಯೊರ್ದನಿನಾಚೆ ಒಬ್ಬ ಟೋಬೀಯ ಈಜಿಪ್ಟಿನ ದೊರೆಗೆ ಪ್ರಾಣಿಗಳನ್ನು ಉಡುಗೊರೆ ಕಳಿಸುತ್ತಿದ್ದ, ಆ ಪತ್ರವೂ ಸಿಕ್ಕಿದೆ. ಕೇದಾರಿಗೆ ಆ ಅದೃಷ್ಟ ಇರಲಿಲ್ಲ. ಬಟ್ಟಲು ಗುಡಿಗೆ ಸೇರಿದ ಆಸುಪಾಸಿನಲ್ಲೇ ಈಜಿಪ್ಟ್ ಪಾರಸಿಯರ ಕೈಬಿಟ್ಟಿತು, ಗಡಿ ಕಾಯುವ ಮಿತ್ರನಿಗೆ ಇದ್ದ ಬೆಲೆಯೂ ಇಳಿದಿರಬೇಕು. ಕ್ರಿ.ಪೂ. 312ರಲ್ಲಿ ಅಲೆಕ್ಸಾಂಡರನ ಸೇನಾಪತಿಯಾಗಿದ್ದ ಆಂಟಿಗೋನಸ್ ಧೂಪದ ದಾರಿಯವರ ಮೇಲೆ ದಂಡು ಕಳಿಸಿದಾಗ, ಅದನ್ನು ಸೋಲಿಸಿದ ಅರಬ್ಬರು ಬೇರೆಯವರು. ಅವರು ನಬಾತಿಯರು, ಮುಂದೆ ಪೆಟ್ರಾ ಪಟ್ಟಣವನ್ನು ಬಂಡೆಯಲ್ಲಿ ಕೊರೆದವರು.